ಹೆಲಿಕೋಬ್ಯಾಕ್ಟರ್ ಸೋಂಕಿನ ಚಿಕಿತ್ಸೆ: ಅಡ್ಡಪರಿಣಾಮಗಳ ಆತಂಕ

ಪ್ರಶ್ನೆ (ಮ್ಯೂನಿಕ್, ಜರ್ಮನಿ)
ಎಲ್ಲರಿಗೂ ನಮಸ್ಕಾರ. ಬಹಳ ಸಮಯದಿಂದ ಕಾಡುತ್ತಿದ್ದ ಹೊಟ್ಟೆ ಉರಿತಕ್ಕೆ ಎಂಡೋಸ್ಕೋಪಿ ಮಾಡಿಸಿದಾಗ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಜಠರದ ಬ್ಯಾಕ್ಟೀರಿಯಾದ ಸೋಂಕು ಇರುವುದು ತಿಳಿಯಿತು. ಹೊಟ್ಟೆಯ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಜೊತೆಗೆ ಬಿಸ್ಮತ್, ಮೆಟ್ರೊನಿಡಜೋಲ್ ಮತ್ತು ಟೆಟ್ರಾಸೈಕ್ಲಿನ್ ಕೂಡಿರುವ ಕ್ಯಾಪ್ಸೂಲುಗಳನ್ನು ದಿನಕ್ಕೆ 12ರಂತೆ 10 ದಿನ ತೆಗೆದುಕೊಳ್ಳಲು ವೈದ್ಯರು ಹೇಳಿದ್ದಾರೆ. ಡಬ್ಬಿಯೊಳಗಿನ ಜರ್ಮನ್ ಚೀಟಿಯಲ್ಲಿರುವ ಅಡ್ಡಪರಿಣಾಮಗಳ ಪಟ್ಟಿ ಓದಿದ ಮೇಲೆ ಭಯವಾಗುತ್ತಿದೆ. ಬಾಯಲ್ಲಿ ಲೋಹದ ರುಚಿ ಹೋಗುತ್ತಿಲ್ಲ, ಮಲ ಕಪ್ಪಾಗಿದೆ. ಇಲ್ಲಿ ಒಬ್ಬಳೇ ಇರುವುದರಿಂದ ಧೈರ್ಯ ಸಾಲುತ್ತಿಲ್ಲ. ಔಷಧ ನಿಲ್ಲಿಸಬಹುದೇ? ಮೊಸರನ್ನ ತಿನ್ನಬಹುದೇ?

ಉತ್ತರ 1
ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಅರ್ಧಕ್ಕೆ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದಂತಾಗಿ, ಮುಂದಿನ ಚಿಕಿತ್ಸೆ ಇನ್ನಷ್ಟು ಕಷ್ಟವಾಗಬಹುದು. ಲೋಹದ ರುಚಿ ಮೆಟ್ರೊನಿಡಜೋಲ್‌ನಿಂದ, ಕಪ್ಪು ಬಣ್ಣ ಬಿಸ್ಮತ್‌ನಿಂದ ಸಾಮಾನ್ಯವಾಗಿ ಬರುವಂಥವು. ಚಿಕಿತ್ಸೆ ಮುಗಿದ ಮೇಲೆ ಹೋಗುತ್ತವೆ. ಆದರೆ ಮಲ ಡಾಂಬರಿನಂತೆ ಅಂಟಂಟಾಗಿ, ಜೊತೆಗೆ ತಲೆಸುತ್ತು ಅಥವಾ ರಕ್ತವಾಂತಿ ಕಾಣಿಸಿಕೊಂಡರೆ ತಡಮಾಡದೆ 112ಕ್ಕೆ ಕರೆ ಮಾಡಿ. ಮೈಮೇಲೆ ದದ್ದು ಎದ್ದರೆ ಅಥವಾ ಕೈಕಾಲು ಜೋಮು ಹಿಡಿದರೆ ಅಂದೇ ವೈದ್ಯರಿಗೆ ತಿಳಿಸಿ. ಕ್ಲಿನಿಕ್ ಮುಚ್ಚಿದ್ದರೆ 116117ರಲ್ಲಿ ಕರ್ತವ್ಯದಲ್ಲಿರುವ ವೈದ್ಯರ ಸಲಹೆ ಸಿಗುತ್ತದೆ.

ಉತ್ತರ 2
ಹಾಲು, ಮೊಸರುಗಳಲ್ಲಿರುವ ಕ್ಯಾಲ್ಸಿಯಂ ಟೆಟ್ರಾಸೈಕ್ಲಿನ್ ಅನ್ನು ಹಿಡಿದಿಟ್ಟು ದೇಹಕ್ಕೆ ಸೇರದಂತೆ ಮಾಡುವುದರಿಂದ ಕ್ಯಾಪ್ಸೂಲಿನ ಹೊತ್ತಿಗೆ ಮೊಸರನ್ನ ಬೇಡ. ಕಬ್ಬಿಣಾಂಶದ ಮಾತ್ರೆಗೂ ಇದೇ ಮಾತು. ಎಷ್ಟು ಅಂತರ ಬೇಕೆಂದು ಔಷಧದಂಗಡಿಯಲ್ಲಿ ಕೇಳಿ, ಅಲ್ಲಿನವರು ತಾಳ್ಮೆಯಿಂದ ವಿವರಿಸುತ್ತಾರೆ. ರಾತ್ರಿಯ ಕ್ಯಾಪ್ಸೂಲುಗಳನ್ನು ಲೋಟದ ತುಂಬ ನೀರಿನೊಂದಿಗೆ ನುಂಗಿ, ತಕ್ಷಣ ಮಲಗಬೇಡಿ. ಮದ್ಯ ಸಂಪೂರ್ಣ ವರ್ಜ್ಯ.

ಉತ್ತರ 3
ಸೋಂಕು ಹೋಗಿದೆಯೇ ಎಂಬ ಉಸಿರಿನ ಪರೀಕ್ಷೆಯನ್ನು ಚಿಕಿತ್ಸೆ ಮುಗಿದು ಕನಿಷ್ಠ 4 ವಾರಗಳ ನಂತರ ಮಾಡಿಸಿ. ಅದಕ್ಕೂ 2 ವಾರ ಮೊದಲು ಒಮೆಪ್ರಜೋಲ್ ನಿಲ್ಲಿಸಿರಬೇಕು, ಊರಿನಿಂದ ತಂದಿಟ್ಟ ಗ್ಯಾಸ್ಟ್ರಿಕ್ ಮಾತ್ರೆಗಳನ್ನೂ ವೈದ್ಯರನ್ನು ಕೇಳದೆ ನುಂಗಬಾರದು.