‘ಹಿಟ್ಟುಹಿಟ್ಟಾದ’ ಸೇಬಿಗೆ ಬೇರೆ ಮಾತಿದೆಯೇ?

ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರಿನಲ್ಲಿ. ಹಿತ್ತಲಲ್ಲೊಂದು ಬ್ರಾಮ್ಲಿ ಸೇಬಿನ ಮರವಿದೆ. ಅಡುಗೆಗೆಂದೇ ಬೆಳೆಸುವ ಹುಳಿ ತಳಿ. (ಅದು ಹುಟ್ಟಿದ್ದೂ ಇದೇ ಸೀಮೆಯ ಸೌತ್‌ವೆಲ್‌ನಲ್ಲಿ, 1809ರಲ್ಲಿ ಹುಡುಗಿಯೊಬ್ಬಳು ನೆಟ್ಟ ಬೀಜದಿಂದ.) ಅಕ್ಟೋಬರಿನಲ್ಲಿ ಕಿತ್ತು, ಒಂದೊಂದನ್ನೂ ಹಳೇ ಪೇಪರಿನಲ್ಲಿ ಸುತ್ತಿ, ಒಂದಕ್ಕೊಂದು ತಾಗದಂತೆ ತಣ್ಣಗಿನ ಶೆಡ್ಡಿನಲ್ಲಿ ಜೋಡಿಸುತ್ತೇವೆ. ಫೋನಿನಲ್ಲಿ ಹೇಳಿದರೆ ಅವ್ವ, ‘ಅಂದ್ರ ಅಡಿ ಹಾಕೀದಿ ಅನ್ನು’ ಅಂದಳು.

ಅಲ್ಲೇ ಸಿಕ್ಕಿಕೊಂಡೆ. ಧಾರವಾಡದ ಕಡೆ ಆಪೂಸಿನ ಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿ ಅಡಿ ಹಾಕುವುದು (‘ಅಡೆ’ ಎನ್ನುವವರೂ ಇದ್ದಾರೆ) ಬೇಗ ಹಣ್ಣಾಗಲೆಂದು. ಕಾಯಿ ಬಿಡುವ ಎಥಿಲೀನ್ ಅನಿಲ ಆ ಕಾವಿನಲ್ಲೇ ನಿಂತು ಉಳಿದವನ್ನೂ ಹಣ್ಣು ಮಾಡುತ್ತದೆ. ನಾನು ಮಾಡುತ್ತಿರುವುದು ಅದರ ತಿರುಗಾಮುರುಗಾ: ಗಾಳಿಯಾಡಲು ಬಿಟ್ಟು, ತಂಪಿನಲ್ಲಿಟ್ಟು, ಆದಷ್ಟು ತಡ ಮಾಡುವುದು. ‘ಕಾಪಿಡು’ ಎಂದರೆ ಪುಸ್ತಕದ ವಾಸನೆ. ‘ತೆಗೆದಿಡು’ ಸಪ್ಪೆ.

ಜನವರಿ ಹೊತ್ತಿಗೆ ಹಸಿರು ಸಿಪ್ಪೆ ಹಳದಿಗೆ ತಿರುಗಿ, ಮುಟ್ಟಿದರೆ ಜಿಡ್ಡುಜಿಡ್ಡು. ಅದು ಹಣ್ಣಿನದೇ ಮೇಣ, ಯಾರೂ ಸವರಿದ್ದಲ್ಲ. ಹಲ್ಲು ಜುಮ್ಮೆನಿಸುತ್ತಿದ್ದ ಹುಳಿಯೂ ಇಳಿದಿರುತ್ತದೆ. ಇಷ್ಟಕ್ಕೆ ‘ಮಾಗು’ ಸರಿಯಾಗಿ ಒಪ್ಪುತ್ತದೆ. ಮಾಗಿಯ ಚಳಿಯಲ್ಲೇ ಮಾಗುವುದರಿಂದ ಎರಡೂ ಒಂದೇ ಮಾತೇನೋ ಅನ್ನಿಸಿಬಿಡುತ್ತದೆ. ಆದರೆ ‘ಮಾಗಿ’ ಬಂದದ್ದು ಮಾಘದಿಂದ.

ನಿಜವಾದ ತೊಡಕು ಆಮೇಲಿನದು. ಪಕ್ಕದ ಮನೆಯವರು ಕೊಟ್ಟ ಕಾಕ್ಸ್ ಸೇಬನ್ನು ಮೊನ್ನೆ ಕಚ್ಚಿದೆ. ಕಳಿತಿಲ್ಲ, ಕೊಳೆತೂ ಇಲ್ಲ, ಆದರೆ ರಸವೇ ಇಲ್ಲದಂತೆ ಪುಡಿಪುಡಿ. ಮನೆಯಲ್ಲಿ ಇದನ್ನು ‘ಹಿಟ್ಟುಹಿಟ್ಟಾಗಿದೆ’ ಅನ್ನುತ್ತೇವೆ. ಬೇಯಿಸಿದ ಗೆಣಸಿಗೆ ಅಂದರೆ ಅದು ಹೊಗಳಿಕೆ, ಸೇಬಿಗೆ ಅಂದರೆ ಬೈಗುಳ! ತಮಾಷೆಯೆಂದರೆ, ಆ ಹೊತ್ತಿಗೆ ಸೇಬಿನಲ್ಲಿ ಹಿಟ್ಟಿನ ಅಂಶವೇ ಉಳಿದಿರುವುದಿಲ್ಲ. ಪಿಷ್ಟವೆಲ್ಲ ಎಂದೋ ಸಕ್ಕರೆಯಾಗಿರುತ್ತದೆ. ರಸವೂ ಎಲ್ಲಿಗೂ ಹೋಗಿರುವುದಿಲ್ಲ. ಜೀವಕೋಶಗಳನ್ನು ಬೆಸೆದಿದ್ದ ಪೆಕ್ಟಿನ್ ಸಡಿಲಗೊಂಡು, ಹಲ್ಲಿಗೆ ಸಿಕ್ಕ ಕೋಶಗಳು ಒಡೆದು ರಸ ಬಿಡುವ ಬದಲು ಬಿಡಿಬಿಡಿಯಾಗಿ ಉದುರುತ್ತವೆ, ಅಷ್ಟೆ. ಹಾಗೆ ನೋಡಿದರೆ ಇದು ಹಿಟ್ಟಲ್ಲ, ಮರಳು. ಆದರೆ ‘ಮರಳುಮರಳು’ ಅಂದೊಡನೆ ನನಗೆ ತುಪ್ಪ ನೆನಪಾಗಿ ಬಾಯಲ್ಲಿ ನೀರೂರುತ್ತದೆ, ಏನು ಮಾಡಲಿ.

ತೊಳೆ ಒಣಗಿದ ಚಕೋತಕ್ಕೋ, ಬಹಳ ದಿನ ಇಟ್ಟ ಪೇರಳೆಗೋ ನಿಮ್ಮ ಕಡೆ ಇಂಥದೊಂದು ಮಾತು ಇದ್ದರೆ ತಿಳಿಸಿ. ಯಾವ ಸೀಮೆಯ ಮಾತು ಎಂಬುದನ್ನೂ ಬರೆಯಿರಿ.