ಗಿಟಾರಿನ ಫ್ರೆಟ್ಟಿಗೆ ‘ಮೆಟ್ಟಿಲು’ ಒಂದೇ ಸಾಕೆ?

ಬಿಡುವಿನ ದಿನಗಳಲ್ಲಿ ಮನೆಯಲ್ಲಿಯೇ ಗಿಟಾರ್ ತಯಾರಿಸುವುದು ಕೆಲವು ವರ್ಷಗಳಿಂದ ನನ್ನ ಹವ್ಯಾಸವಾಗಿದೆ. ಕೆಲಸದ ಹಂತಗಳನ್ನು ಕನ್ನಡದಲ್ಲಿ ಬರೆದಿಡಬೇಕೆಂದು ಕುಳಿತಾಗ ವಾದ್ಯದ ಅಂಗಗಳ ಹೆಸರುಗಳಿಗಾಗಿ ಮೊದಲು ವೀಣೆಯ ಕಡೆಗೆ ನೋಡಿದೆ. ತಂತಿ ಬಿಗಿಯುವುದಕ್ಕೆ ಬಿರಡೆ, ಕತ್ತಿನ ಭಾಗಕ್ಕೆ ದಂಡಿ ಎಂಬ ಮಾತುಗಳು ಯಾವ ತೊಡಕೂ ಇಲ್ಲದೆ ಹೊಂದಿದವು. ಹಿಂಬದಿಗೂ ಪಕ್ಕಗಳಿಗೂ ನಾನು ಬಳಸುತ್ತಿರುವ ಮರವಂತೂ ನಮ್ಮ ಮಲೆನಾಡಿನ ಬೀಟೆಯೇ. ಬ್ರೆಜಿಲ್ಲಿನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಗಿಟಾರ್ ತಯಾರಿಸುವ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಇದೇ ಜಾತಿಯ ಮರಕ್ಕೆ ಬದಲಾಯಿಸಿಕೊಂಡಿತು; ಆದುದರಿಂದ ಗಿಟಾರಿನ ಕುರಿತು ಕನ್ನಡದಲ್ಲಿ ಬರೆಯುವಾಗ ‘ಬೀಟೆ’ ಎಂದೇ ಬರೆಯಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ತೊಡಕು ಬಂದದ್ದು ಫ್ರೆಟ್ಟಿನಲ್ಲಿ, ಅಂದರೆ ದಂಡಿಗೆ ಅಡ್ಡಲಾಗಿ ಕೂರಿಸುವ ಲೋಹದ ಪಟ್ಟಿಯಲ್ಲಿ. ವೀಣೆಯಲ್ಲಿ ಇದಕ್ಕೆ ಮೆಟ್ಟಿಲು ಎನ್ನುತ್ತೇವೆ. ಅಲ್ಲಿ 24 ಮೆಟ್ಟಿಲುಗಳನ್ನು ಇದ್ದಿಲ ಪುಡಿ ಬೆರೆಸಿದ ಮೇಣದ ಮೇಲೆ, ಸ್ವರವನ್ನು ಕಿವಿಯಿಂದಲೇ ಪರೀಕ್ಷಿಸುತ್ತ ಕೂರಿಸುತ್ತಾರೆ. ಈ ಕೆಲಸಕ್ಕೆ ಮೇಳ ಕಟ್ಟುವುದೆಂದು ಹೆಸರು. ಗಿಟಾರಿನಲ್ಲಿ ಕಿವಿಗಿಂತ ಮೊದಲು ಲೆಕ್ಕ ಬರುತ್ತದೆ. ತಂತಿಯ ಮಿಡಿಯುವ ಉದ್ದ 650 ಮಿಲಿಮೀಟರ್ ಇದ್ದರೆ ಅದನ್ನು 17.817ರಿಂದ ಭಾಗಿಸಬೇಕು, ಬರುವ ಸುಮಾರು 36.5 ಮಿಲಿಮೀಟರ್ ಬಿರಡೆಯ ಕಡೆಯ ತುದಿಯಿಂದ ಮೊದಲ ಫ್ರೆಟ್ಟಿನ ದೂರ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತ ಹೋದರೆ ಹನ್ನೆರಡನೆಯದು ಸರಿಯಾಗಿ ನಡುವೆ, 325ರಲ್ಲಿ ಬಂದು ನಿಲ್ಲುತ್ತದೆ. ಗುರುತು ಹಾಕಿದಲ್ಲಿ ಸಣ್ಣ ಗರಗಸದಿಂದ ಗಾಡಿ, ಅಂದರೆ ಸಪೂರವಾದ ಸೀಳು, ಕೊರೆದು, ಅಡಿಯಲ್ಲಿ ಸಣ್ಣ ಮುಳ್ಳುಗಳಿರುವ ಲೋಹದ ಪಟ್ಟಿಯನ್ನು ಮೆಲ್ಲನೆ ಬಡಿದು ಕೂರಿಸಬೇಕು. ಪೂರ್ತಿ ಕೂತಾಗ ಸುತ್ತಿಗೆಯ ಸದ್ದು ಬದಲಾಗುತ್ತದೆ. ಅಲ್ಲಿಯವರೆಗೆ ಟೊಳ್ಳಾಗಿದ್ದ ಪೆಟ್ಟು ಗಟ್ಟಿಯಾಗಿ ಕೇಳುತ್ತದೆ.

ಕೂರಿಸುವ ಬಗೆ ಬೇರೆಯಾದರೂ ಆ ಲೋಹದ ಪಟ್ಟಿಯನ್ನು ಮೆಟ್ಟಿಲು ಎನ್ನಲು ನನಗೆ ಹಿಂಜರಿಕೆಯಿಲ್ಲ. ಆದರೆ ಗಿಟಾರ್ ನುಡಿಸುವವರು ‘ಮೂರನೆಯ ಫ್ರೆಟ್’ ಎಂದಾಗ ಪಟ್ಟಿಯನ್ನಲ್ಲ, ಎರಡನೆಯ ಮತ್ತು ಮೂರನೆಯ ಪಟ್ಟಿಗಳ ನಡುವಿನ ಜಾಗವನ್ನು ಹೇಳುತ್ತಾರೆ. ‘ಮೂರನೆಯ ಮೆಟ್ಟಿಲಿನ ಮೇಲೆ ಬೆರಳಿಡಿ’ ಎಂದು ನಾನು ಬರೆದುಕೊಟ್ಟದ್ದನ್ನು ಓದಿದ ನನ್ನ ತಂಗಿಯ ಮಗಳು ಲೋಹದ ಮೇಲೆಯೇ ಬೆರಳಿಟ್ಟಳು. ತಂತಿ ನುಡಿಯದೆ ಮಂಕಾಯಿತು. ತಪ್ಪು ಅವಳದಲ್ಲ, ನನ್ನ ಪದದ್ದು. ಅಂದಿನಿಂದ ಪಟ್ಟಿಗೆ ಮೆಟ್ಟಿಲೆಂದೂ, ನಡುವಿನ ಜಾಗಕ್ಕೆ ಚೌಕಾಬಾರದಲ್ಲಿ ಹೇಳುವಂತೆ ಮನೆಯೆಂದೂ ಬರೆಯುತ್ತಿದ್ದೇನೆ. ‘ಮೂರನೆಯ ಮನೆಯಲ್ಲಿ, ಮೆಟ್ಟಿಲಿಗೆ ತುಸು ಹಿಂದೆ ಬೆರಳಿಡಿ’ ಎಂದರೆ ಯಾರಿಗೂ ಗೊಂದಲವಾಗದು.

ತಂತಿಗಳನ್ನು ಮೇಲ್ಹಲಗೆಯ ಮೇಲೆ ಎತ್ತಿ ಹಿಡಿಯುವ ಬ್ರಿಜ್ಜಿಗೆ ಕುದುರೆ ಇದ್ದೇ ಇದೆ. ಆದರೆ ಗಿಟಾರಿನ ಕುದುರೆಯ ಮೇಲೆ ಒಂದು ಗಾಡಿ ಕೊರೆದು ಅದರಲ್ಲಿ ಮೂಳೆಯ ತೆಳುವಾದ ತುಂಡೊಂದನ್ನು ನಿಲ್ಲಿಸುತ್ತಾರೆ. ತಂತಿಗಳು ಆತುಕೊಳ್ಳುವುದು ಅದರ ಮೇಲೆ, ಅದನ್ನು ಉಜ್ಜಿ ತಗ್ಗಿಸಿದಷ್ಟೂ ತಂತಿಗಳು ಮೆಟ್ಟಿಲುಗಳಿಗೆ ಹತ್ತಿರವಾಗುತ್ತವೆ. ಇಂಗ್ಲಿಷಿನಲ್ಲಿ ಇದು ಸ್ಯಾಡಲ್. ಸೇತುವೆಯ ಮೇಲೆ ಜೀನು ಕೂರುವುದು ಅವರ ಭಾಷೆಯ ಮಾತು. ನಮ್ಮಲ್ಲಿ ಕುದುರೆಯ ಮೇಲೆ ತಡಿ ಕೂರುತ್ತದೆ. ಈ ‘ತಡಿ’ ಹೊಳೆದ ದಿನ ನನಗೆ ಬಹಳ ಸಂತೋಷವಾಯಿತು. ಹಾಗಿದ್ದರೂ ವೀಣೆಯ ಕುದುರೆಯ ಮೇಲೆ ಅಂಟಿಸುವ ಲೋಹದ ತಗಡಿಗೆ ಕುಶಲಕರ್ಮಿಗಳಲ್ಲಿ ಬೇರೆ ಹೆಸರಿದ್ದರೆ ನಾನು ಹೊಸದನ್ನು ಹೂಡುವ ಅಗತ್ಯವೇ ಇಲ್ಲ.

ಕೊನೆಯದು ಬ್ರೇಸ್. ಮೂರು ಮಿಲಿಮೀಟರಿಗಿಂತ ತೆಳುವಾದ ಮೇಲ್ಹಲಗೆ ತಂತಿಗಳ ಸೆಳೆತಕ್ಕೆ ಕುಸಿಯದಂತೆ ಒಳಗಡೆ ಅಂಟಿಸುವ ಮರದ ಪಟ್ಟಿಗಳಿವು. ಹಲಗೆಯ ಕಂಪನವನ್ನು ಹರಡುವ ಕೆಲಸವೂ ಇವುಗಳದೇ. ಸ್ಪೇನಿನ ಗಿಟಾರ್ ತಯಾರಕ ಆಂಟೋನಿಯೋ ದೆ ತೋರೆಸ್ ಇವುಗಳನ್ನು ಬೀಸಣಿಗೆಯಂತೆ ಹರಡಿದ. ನಾದವೆಲ್ಲ ಮೇಲ್ಹಲಗೆಯದೆಂದು ತೋರಿಸಲು ಆತ 1862ರಲ್ಲಿ ಹಿಂಬದಿಯನ್ನೂ ಪಕ್ಕಗಳನ್ನೂ ರಟ್ಟಿನಿಂದ ಮಾಡಿ ಒಂದು ಗಿಟಾರನ್ನೇ ಕಟ್ಟಿದ. ‘ಪಕ್ಕೆಲುಬು’ ಎಂಬ ಸಲಹೆ ಬಂದಿತ್ತು, ಆದರೆ ಪಿಟೀಲು ತಯಾರಕರು ಇಂಗ್ಲಿಷಿನಲ್ಲಿ ಪಕ್ಕದ ಹಲಗೆಗಳನ್ನೇ ಹಾಗೆ ಕರೆಯುವುದರಿಂದ ಅದು ದಾರಿ ತಪ್ಪಿಸುತ್ತದೆ. ‘ಜಂತೆ’ ನನಗೆ ಇಷ್ಟವಾದ ಪದ. ಮಾಡಿನ ಭಾರ ಹೊರುವ ಜಂತೆಗಳು ಒಂದೇ ದಿಕ್ಕಿನಲ್ಲಿ ಸಾಲಾಗಿರುತ್ತವೆ, ಇವು ಹಾಗಿರುವುದಿಲ್ಲ ಎಂಬ ಅಳುಕು ಮಾತ್ರ ಉಳಿದಿದೆ.

ವೀಣೆ, ತಂಬೂರಿಗಳನ್ನು ತಯಾರಿಸುವವರ ಬಳಿ ಒಡನಾಟವಿರುವವರು, ಕುದುರೆಯ ಮೇಲಿನ ತಗಡಿಗೂ ಒಳಗಿನ ಆಸರೆಯ ಪಟ್ಟಿಗೂ ಅವರ ಬಾಯಲ್ಲಿ ಬಳಕೆಯಲ್ಲಿರುವ ಮಾತುಗಳನ್ನು, ಊರಿನ ಹೆಸರಿನೊಡನೆ ತಿಳಿಸಬೇಕಾಗಿ ಕೋರುತ್ತೇನೆ. ಮೆಟ್ಟಿಲುಗಳ ನಡುವಿನ ಜಾಗಕ್ಕೆ ‘ಮನೆ’ಯಲ್ಲದೆ ಬೇರೆ ಮಾತನ್ನು ಕೇಳಿದ್ದರೆ ಅದನ್ನೂ ದಯವಿಟ್ಟು ಬರೆಯಿರಿ.