ಆಕಾಶ, ಸ್ವರ್ಗ ಎರಡಕ್ಕೂ ಸಲ್ಲುವ ಒಂದೇ ಪದ ಕನ್ನಡದಲ್ಲಿ ಇದೆಯಾ?

ಗೆಳೆಯರೇ, ನಾಲ್ಕು ದಿನದಿಂದ ಒಂದು ವಾಕ್ಯ ನನ್ನನ್ನು ಸತಾಯಿಸುತ್ತಿದೆ. ನಮ್ಮ ಚರ್ಚಿನ ಹುಡುಗರಿಗಾಗಿ ಗೆಲಿಲಿಯೋ ಬಗ್ಗೆ ಎರಡು ಪುಟ ಬರೆದುಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೆ. ಈ ವಾಕ್ಯದ ತನಕ ಎಲ್ಲ ಸಲೀಸಾಗಿತ್ತು.

1615ರಲ್ಲಿ ಗೆಲಿಲಿಯೋ ಟಸ್ಕನಿಯ ದೊರೆಯ ತಾಯಿ ಕ್ರಿಸ್ಟೀನಾಗೆ ಒಂದು ಉದ್ದನೆಯ ಪತ್ರ ಬರೆದ. ಭೂಮಿ ಸುತ್ತುತ್ತದೆ ಅಂದರೆ ಬೈಬಲ್ ಸುಳ್ಳಾಗುತ್ತದಾ ಅನ್ನುವುದು ಅದರ ವಿಷಯ. ಚರ್ಚಿನ ದೊಡ್ಡವರೊಬ್ಬರು ಹೇಳಿದ್ದು ಅಂತ ಅದರಲ್ಲಿ ಒಂದು ಮಾತು ಬರುತ್ತದೆ. ಅವರು ಕಾರ್ಡಿನಲ್ ಬರೋನಿಯೊ ಅಂತ ಅಂಚಿನ ಟಿಪ್ಪಣಿಯಲ್ಲಿದೆ. ಪವಿತ್ರಾತ್ಮನು ಕಲಿಸುವುದು ‘ಚೆಲೊ’ಗೆ ಹೋಗುವುದು ಹೇಗೆ ಅಂತ, ‘ಚೆಲೊ’ ಹೋಗುವುದು ಹೇಗೆ ಅಂತಲ್ಲ. (ಧಾರವಾಡದವರು ನಗಬೇಡಿ, ಇದು ಇಟಾಲಿಯನ್ ಪದ.) ಆಕಾಶಕ್ಕೂ ಸ್ವರ್ಗಕ್ಕೂ ಅವರಿಗೆ ಅದೊಂದೇ ಪದ. ಮಾತಿನ ಮಜಾ ಇರುವುದೇ ಅಲ್ಲಿ.

ನಾನು ಮೊದಲು ಬರೆದದ್ದು: ‘ಸ್ವರ್ಗಕ್ಕೆ ಹೋಗುವುದು ಹೇಗೆ ಅಂತ, ಆಕಾಶ ಹೋಗುವುದು ಹೇಗೆ ಅಂತಲ್ಲ.’ ಅರ್ಥ ಬಂತು, ಚಮಕ್ ಹೋಯ್ತು. ಅದೂ ಅಲ್ಲದೆ ಕನ್ನಡದಲ್ಲಿ ಆಕಾಶ ಎಲ್ಲಿಗೂ ಹೋಗುವುದಿಲ್ಲ. ಮೋಡ ಹೋಗುತ್ತದೆ, ನಕ್ಷತ್ರ ಮುಳುಗುತ್ತದೆ, ಆಕಾಶ ಸುಮ್ನೆ ಇರುತ್ತದೆ. ಆ ಕಾಲದ ಯುರೋಪಿನಲ್ಲಿ ಹಾಗಲ್ಲ, ಆಕಾಶವೇ ತಿರುಗುತ್ತಿತ್ತು. ಭೂಮಿಯ ಸುತ್ತ ಒಂದರೊಳಗೊಂದು ಗೋಳಗಳು. ಗ್ರಹಕ್ಕೊಂದು, ನಕ್ಷತ್ರಗಳಿಗೆಲ್ಲ ಸೇರಿ ಒಂದು. ಎಲ್ಲದರ ಆಚೆ ದೇವರ ಮನೆ. ಹತ್ತುತ್ತಾ ಹೋದರೆ ಆಕಾಶ ಮುಗಿದು ಸ್ವರ್ಗ ಶುರು. ಅಂಥವರಿಗೆ ಎರಡು ಪದ ಯಾಕೆ ಬೇಕು?

ಹೀಬ್ರೂವಿನ ‘ಶಾಮಯಿಮ್’, ಗ್ರೀಕಿನ ‘ಉರಾನೊಸ್’ ಕೂಡ ಹೀಗೇ ಎರಡನ್ನೂ ಹೊರುತ್ತವೆ. ನಮ್ಮ ಅನುವಾದಕರು ಜಾಗ ನೋಡಿ ಪದ ಹಾಕಿದ್ದಾರೆ. ಆದಿಕಾಂಡದ ಮೊದಲ ವಾಕ್ಯದಲ್ಲಿ ದೇವರು ಉಂಟುಮಾಡಿದ್ದು ಆಕಾಶ. ಪ್ರಾರ್ಥನೆಯಲ್ಲಿ ನಮ್ಮ ತಂದೆ ಇರುವುದು ಪರಲೋಕದಲ್ಲಿ, ಹೊಸ ಅನುವಾದದಲ್ಲಾದರೆ ಸ್ವರ್ಗದಲ್ಲಿ. ನನಗೆ ಎರಡೂ ಪೂರ್ತಿ ಒಗ್ಗಿಲ್ಲ. ಸ್ವರ್ಗ ಅಂದ ಕೂಡಲೇ ಇಂದ್ರ, ರಂಭೆ ನೆನಪಾಗುತ್ತಾರೆ. ಪುಣ್ಯ ತೀರಿದರೆ ಅಲ್ಲಿಂದ ವಾಪಸ್ ಬೇರೆ ಕಳಿಸುತ್ತಾರೆ. ಪರಲೋಕ ಅಂದರೆ ಬೇರೆ ಲೋಕ ಅಷ್ಟೇ. ಅದರಲ್ಲಿ ತಲೆ ಎತ್ತಿ ನೋಡುವ ಭಾವ ಇಲ್ಲ.

ಆದಿಕಾಂಡದ ಅದೇ ಮೊದಲ ಅಧ್ಯಾಯದಲ್ಲಿ ಇನ್ನೊಂದು ಪದ ಸಿಕ್ಕಿತು, ಹೇಳದೆ ಇರಲಾರೆ. ಕೆಳಗಿನ ನೀರನ್ನೂ ಮೇಲಿನ ನೀರನ್ನೂ ಬೇರೆ ಮಾಡಲು ದೇವರು ನಡುವೆ ಇಟ್ಟದ್ದಕ್ಕೆ ಹೀಬ್ರೂವಿನಲ್ಲಿ ‘ರಾಕೀಅ’ ಅಂತಾರೆ. ಲೋಹವನ್ನು ಬಡಿದು ತೆಳ್ಳಗೆ ಹರಡುವುದು ಅನ್ನುವ ಧಾತುವಿನಿಂದ ಬಂದದ್ದು. ತಾಮ್ರದ ಹಂಡೆ ಬಡಿಯುವುದನ್ನು ನೋಡಿದವರಿಗೆ ಕೂಡಲೇ ಗೊತ್ತಾಗುತ್ತದೆ. ಕನ್ನಡದಲ್ಲಿ ಅದಕ್ಕೆ ‘ಗುಮಟ’ ಅಂತ ಹಾಕಿದ್ದಾರೆ! ಪಾರಸಿಯಿಂದ ಬಂದ ಪದ, ವಿಜಯಪುರದ ಗೋಲ್ ಗುಂಬಜ್‌ನ ನೆಂಟ. ಟೆಲಿಸ್ಕೋಪಿನ ಕಟ್ಟಡಕ್ಕೂ ತಲೆ ಮೇಲೆ ಗುಮ್ಮಟವೇ ಅಲ್ವಾ? ಕಾವಲೂರಿನ ವೀಕ್ಷಣಾಲಯದಲ್ಲೂ ಇದೆ, ರೋಮ್ ಹತ್ತಿರದ ಕಾಸ್ಟೆಲ್ ಗಂಡೋಲ್ಫೊದಲ್ಲಿ ಪೋಪರು ಹಿಂದೆ ಬೇಸಿಗೆ ಕಳೆಯುತ್ತಿದ್ದ ಅರಮನೆಯ ಚಾವಣಿ ಮೇಲೂ ಇದೆ. ಒಂದು ಗುಮ್ಮಟ ತೆರೆದು ಇನ್ನೊಂದನ್ನು ನೋಡುವುದು.

ಇರಲಿ, ನನ್ನ ವಾಕ್ಯಕ್ಕೆ ಬರುತ್ತೇನೆ. ಸಂಸ್ಕೃತದ ‘ದಿವ’ಕ್ಕೆ ಆಕಾಶ, ಸ್ವರ್ಗ ಎರಡೂ ಅರ್ಥ ಇವೆ, ‘ದಿವಂಗತ’ದಲ್ಲಿ ಇರುವುದು ಅದೇ. ‘ನಾಕ’ವೂ ಹಾಗೇ. ಆದರೆ ಹುಡುಗರು ನಾಕ ಅಂದರೆ ನಾಲ್ಕು ಅಂದುಕೊಳ್ಳುತ್ತಾರೆ. ‘ಬಾನು’ ಚೆಂದ, ಆದರೆ ಸತ್ತವರು ಯಾರೂ ಬಾನಿಗೆ ಹೋಗುವುದಿಲ್ಲ. ಮಂಗಳೂರಿನ ಕೊಂಕಣಿಯಲ್ಲೂ ಸರ್ಗ್ ಬೇರೆ, ಮೊಳಬ್ ಬೇರೆ.

ಕೊನೆಗೆ ಹೊಳೆದದ್ದು ‘ಮೇಲೆ’. ‘ಮೇಲೆ ನೋಡು, ಮಳೆ ಬರೋ ಹಾಗಿದೆ’ ಅನ್ನುತ್ತೇವೆ. ‘ಮೇಲಿರೋನು ನೋಡ್ಕೋತಾನೆ’ ಅಂತಲೂ ಅನ್ನುತ್ತೇವೆ. ಹಾಗಾಗಿ ಹೀಗೆ ಬರೆದೆ: ‘ಮೇಲಕ್ಕೆ ಹೋಗುವುದು ಹೇಗೆ ಅಂತ ಕಲಿಸುವುದು, ಮೇಲಿನದು ಹೋಗುವುದು ಹೇಗೆ ಅಂತಲ್ಲ.’ ಹೆಂಡತಿಗೆ ಓದಿ ಹೇಳಿದೆ. ‘ಮೇಲಕ್ಕೆ ಹೋಗೋದು ಹೇಗೆ ಅಂತ ಹುಡುಗರಿಗೆ ಹೇಳ್ಕೊಡ್ತೀರಾ? ಅವರ ಅಪ್ಪ ಅಮ್ಮ ಬಂದು ಜಗಳ ಆಡ್ತಾರೆ’ ಅಂದಳು.

ಹಳಗನ್ನಡದಲ್ಲೋ ನಿಮ್ಮ ಊರಿನ ಮಾತಿನಲ್ಲೋ ಎರಡಕ್ಕೂ ಸಲ್ಲುವ ಪದ ಇದ್ದರೆ ತಿಳಿಸಿ. ಶನಿವಾರದೊಳಗೆ ಸಿಕ್ಕರೆ ಉಪಕಾರ. ಇಲ್ಲದಿದ್ದರೆ ಆ ‘ಮೇಲಕ್ಕೆ’ ವಾಕ್ಯವನ್ನೇ ಕೊಟ್ಟುಬಿಡುತ್ತೇನೆ.